ಹನ್ನೆರಡು ಗ್ರಾಂ ವಾಷರ್: ಮನೆಯಲ್ಲೇ ಮಾಡಿಕೊಳ್ಳುವ ಕ್ಯಾಮೆರಾ ಸ್ಟೆಬಿಲೈಜರ್

ಹಾಸನ, ಚಿಕ್ಕಮಗಳೂರು ಕಡೆ ಕಿರುಚಿತ್ರ ಮಾಡುವ ತಂಡಗಳ ಹತ್ತಿರ ಸಾಮಾನ್ಯವಾಗಿ ಇರುವುದು ಮೂರು: ಮದುವೆ ಸ್ಟುಡಿಯೋದಿಂದ ಎರಡು ದಿನದ ಮಟ್ಟಿಗೆ ಕೇಳಿ ತಂದ ಮಿರರ್‌ಲೆಸ್ ಕ್ಯಾಮೆರಾ, ಒಂದು ಟ್ರೈಪಾಡ್, ಮತ್ತು ಕಾಫಿ ತೋಟದ ಸಾಲಿನೊಳಗೆ ಪಾತ್ರದ ಬೆನ್ನಿಗೇ ನಡೆದು ಹೋಗುವ ಒಂದು ಉದ್ದನೆಯ ಶಾಟಿನ ಆಸೆ. ಟ್ರೈಪಾಡಿನಿಂದ ಆ ಶಾಟ್ ಆಗುವುದಿಲ್ಲ. ಕೈಯಲ್ಲಿ ಹಿಡಿದು ನಡೆದರೆ ನೋಡುವವರಿಗೆ ತಲೆ ಸುತ್ತುತ್ತದೆ. ಕ್ಯಾಮೆರಾ ವಾಲದ ಹಾಗೆ ಮೋಟಾರಿನಿಂದಲೇ ಹಿಡಿಯುವ ಗಿಂಬಲ್ ಬಾಡಿಗೆಗೆ ಸಿಗುತ್ತದೆ ನಿಜ, ಆದರೆ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವ ಆ ನಾಲ್ಕೈದು ದಿನಕ್ಕೇ ಸರಿಯಾಗಿ ಮದುವೆ ಮುಹೂರ್ತಗಳೂ ಬಿದ್ದಿರುತ್ತವೆ. ಆಗ ಊರಿನ ಗಿಂಬಲ್‌ಗಳೆಲ್ಲ ಕಲ್ಯಾಣ ಮಂಟಪದಲ್ಲೇ ಇರುತ್ತವೆ.

ಹಾಗಾಗಿ ಪೈಪು, ಬೇರಿಂಗು, ವಾಷರ್ ಸೇರಿಸಿ ಮಾಡಿಕೊಳ್ಳುವ ಸ್ಟೆಬಿಲೈಜರಿಗೆ ಇವತ್ತಿಗೂ ಕೆಲಸವಿದೆ. ಚಾರ್ಜ್ ಮಾಡುವ ತಾಪತ್ರಯವಿಲ್ಲ, ನೀರು ಬಿದ್ದರೆ ಸುಟ್ಟುಹೋಗುವ ಸರ್ಕ್ಯೂಟ್ ಇಲ್ಲ, ಏನಾದರೂ ಮುರಿದರೆ ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬದಲಿ ಸಾಮಾನು ಕೈಗೆ ಬರುತ್ತದೆ. ಲೇತ್ ಕೆಲಸದ ಕೂಲಿ ಸೇರಿ ಸಾವಿರದೈನೂರರಿಂದ ಎರಡೂವರೆ ಸಾವಿರದೊಳಗೆ ಮುಗಿಯುವ ಬಾಬತ್ತು. ಆದರೂ ಹೀಗೆ ಮಾಡಿದವುಗಳಲ್ಲಿ ಬಹುಪಾಲು ಒಂದೆರಡು ಶೂಟಿಂಗ್ ಆದಮೇಲೆ ಅಟ್ಟ ಸೇರುತ್ತವೆ. ಕೆಲಸ ಒರಟಾಯಿತು ಅಂತಲ್ಲ. ಕೆಳಗೆ ಭಾರ ಜಾಸ್ತಿ ಹಾಕಿದಷ್ಟೂ ಕ್ಯಾಮೆರಾ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವ ನಂಬಿಕೆಯೇ ಅವನ್ನು ಅಲ್ಲಿಗೆ ಕಳಿಸುವುದು.

ಕೆಳಗೆ ಜಾಸ್ತಿ ಭಾರ ಕಟ್ಟಿದರೆ ಸಿಗುವುದು ಲೋಲಕ. ಹೆಜ್ಜೆ ಎತ್ತಿದ ಕೂಡಲೇ ಹಿಂದಕ್ಕೆ ತೂಗುತ್ತದೆ, ನಿಂತ ಕೂಡಲೇ ಮುಂದಕ್ಕೆ ತೂಗುತ್ತದೆ, ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ದಿಗಂತ ಉಯ್ಯಾಲೆಯಾಡುವ ಆ ದೃಶ್ಯ ಕೈನಡುಕಕ್ಕಿಂತ ಕೆಟ್ಟದು. ಕೈನಡುಕಕ್ಕೆ ಕನಿಷ್ಠ ಒಂದು ಸಹಜತೆಯಾದರೂ ಇರುತ್ತದೆ. ಸ್ಟೆಬಿಲೈಜರಿನ ಕೆಲಸ ಕ್ಯಾಮೆರಾವನ್ನು ನೆಟ್ಟಗೆ ಎಳೆದು ಹಿಡಿಯುವುದಲ್ಲ. ಅದು ಯಾವ ಕಡೆಗೂ ಬೀಳಲು ಅವಸರ ಮಾಡದ ಹಾಗೆ, ತಿರುಗಲು ಮನಸ್ಸೇ ಇಲ್ಲದ ಹಾಗೆ ಇಡುವುದು.

ಅಮೆರಿಕದ ಛಾಯಾಗ್ರಾಹಕ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಸ್ಟೆಡಿಕ್ಯಾಮ್ ಎಂಬ ಮೈಗೆ ಕಟ್ಟುವ ಸ್ಟೆಬಿಲೈಜರ್ ಕಂಡುಹಿಡಿದು, 1976ರಲ್ಲಿ ಅದರ ಶಾಟುಗಳು ಮೊದಲ ಸಲ ತೆರೆಗೆ ಬಂದಾಗ ಅದರೊಳಗಿದ್ದದ್ದೂ ಇದೇ ಲೆಕ್ಕ. ಕ್ಯಾಮೆರಾದ ತೂಕವನ್ನು ಒಂದು ಕಂಬದ ಮೇಲ್ತುದಿಗೂ, ಅದಕ್ಕೆ ಸರಿದೂಗುವ ತೂಕವನ್ನು ಕೆಳತುದಿಗೂ ಹಂಚಿ, ಒಟ್ಟು ತೂಕದ ನಡುಬಿಂದುವಿನ ಕೂದಲೆಳೆಯಷ್ಟು ಮೇಲೆ ಘರ್ಷಣೆಯಿಲ್ಲದ ಗಿಂಬಲ್, ಅಂದರೆ ಎಲ್ಲ ಕಡೆಗೂ ಸಲೀಸಾಗಿ ತಿರುಗುವ ಕೀಲು, ಕೂರಿಸಿ ಅಲ್ಲಿ ಹಿಡಿಯುವುದು. ಆಮೇಲೆ ಅಮೆರಿಕದ ಜಾನಿ ಚುಂಗ್ ಲೀ 14 ಡಾಲರಿನಲ್ಲಿ ಮಾಡುವ ಜಿಐ ಪೈಪಿನ ಮಾದರಿಯೊಂದನ್ನು ಅಂತರ್ಜಾಲದಲ್ಲಿ ಹಂಚಿದರು. ಜಗತ್ತಿನ ಮೂಲೆಮೂಲೆಯ ಹುಡುಗರು ಅದನ್ನು ನಕಲು ಮಾಡಿದರು. ಅದರಲ್ಲಿ ಗಿಂಬಲ್ ಇಲ್ಲ. ಕೈಯೇ ಗಿಂಬಲ್. ಒಂದು ಸಂಜೆಯ ಕೆಲಸ, ಅದಕ್ಕೆ ತಕ್ಕ ಫಲವೂ ಸಿಗುತ್ತದೆ. ಆದರೆ ಲೇತ್ ಇರುವ ಊರಲ್ಲಿದ್ದುಕೊಂಡು ಗಿಂಬಲ್ ಬಿಟ್ಟು ಮಾಡುವುದು ದಂಡ.

ಯಾವ ನಡುಕ ಹೋಗುತ್ತದೆ, ಯಾವುದು ಹೋಗುವುದಿಲ್ಲ

ಪೈಪಿಗೆ ಹ್ಯಾಕ್ಸಾ ಹಚ್ಚುವ ಮೊದಲು ಇದೊಂದು ಗೊತ್ತಿರಲಿ: ಕೈಯಲ್ಲಿ ಹಿಡಿಯುವ ಸ್ಟೆಬಿಲೈಜರ್ ತಡೆಯುವುದು ಕ್ಯಾಮೆರಾ ತಿರುಗುವುದನ್ನು ಮಾತ್ರ. ಮೇಲೆ ಕೆಳಗೆ ಕುಣಿಯುವುದನ್ನು ಅಲ್ಲ. ಅದನ್ನು ತಡೆಯಲು ಸ್ಪ್ರಿಂಗ್ ತೋಳು, ಮೈಗೆ ಕಟ್ಟುವ ವೆಸ್ಟ್ ಬೇಕು. ಇಲ್ಲದಿದ್ದರೆ ನಿಮ್ಮ ಮೊಣಕೈ, ಮೊಣಕಾಲೇ ಸ್ಪ್ರಿಂಗ್.

ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಎಪಿಎಸ್-ಸಿ ಅಳತೆಯ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಬಿಲ್ಲೆ), 16 ಎಂಎಂ ಲೆನ್ಸ್, 1920 ಪಿಕ್ಸೆಲ್ ಅಗಲದ ಚಿತ್ರ ಅಂದುಕೊಳ್ಳಿ. ಕ್ಯಾಮೆರಾ ಒಂದೇ ಒಂದು ಡಿಗ್ರಿ ತಿರುಗಿದರೆ ಚಿತ್ರದ ನಡುಭಾಗ ಸುಮಾರು 23 ಪಿಕ್ಸೆಲ್ ಜಾರುತ್ತದೆ. ಎದುರಿಗಿರುವುದು ಗೋಡೆಯಾಗಲಿ, ಮುಳ್ಳಯ್ಯನಗಿರಿಯಾಗಲಿ, ಅಷ್ಟೇ ಜಾರುತ್ತದೆ. ಅದೇ ಕ್ಯಾಮೆರಾ ತಿರುಗದೆ ಒಂದು ಸೆಂಟಿಮೀಟರ್ ಮೇಲೆದ್ದರೆ, ಐದು ಮೀಟರ್ ದೂರದ ಮನುಷ್ಯ ಜಾರುವುದು ಬರೀ ಎರಡೂವರೆ ಪಿಕ್ಸೆಲ್. ಅರ್ಧ ಮೀಟರ್ ದೂರದ ಕಾಫಿ ರೆಂಬೆ ಮಾತ್ರ 26 ಪಿಕ್ಸೆಲ್ ಹಾರುತ್ತದೆ. ಮಾಮೂಲಿ ನಡಿಗೆಯಲ್ಲಿ ಮೈ ನಾಲ್ಕೈದು ಸೆಂಟಿಮೀಟರ್ ಏರಿಳಿಯುವುದರಿಂದ ಆ ರೆಂಬೆ ಹೆಜ್ಜೆಗೊಮ್ಮೆ ನೂರು ಪಿಕ್ಸೆಲ್ ದಾಟಿ ಕುಣಿಯುತ್ತದೆ.

ಅರೇಬಿಕಾ ತೋಟದಲ್ಲಿ ಸಾಲಿನಿಂದ ಸಾಲಿಗೆ ಆರೇಳು ಅಡಿ. ಗಿಡ ಬೆಳೆದು ಹರಡಿದ ಮೇಲೆ ನಡುವೆ ನಡೆಯುವವನ ಎರಡೂ ಭುಜಕ್ಕೆ ಎಲೆ ತಾಗುತ್ತದೆ. ಅಂಥ ಕಡೆ ಎಷ್ಟು ಒಳ್ಳೆಯ ಸ್ಟೆಬಿಲೈಜರ್ ಇದ್ದರೂ ಚೌಕಟ್ಟಿನ ಅಂಚಿನ ಎಲೆಗಳು ನಿಮ್ಮ ಹೆಜ್ಜೆ ಎಣಿಸಿಬಿಡುತ್ತವೆ. ಹತ್ತಡಿ ಅಂತರದ ರೊಬಸ್ಟಾ ತೋಟವೋ, ಜೀಪ್ ಓಡಾಡುವ ದಾರಿಯೋ ಆದರೆ ಇದೇ ಸಾಧನದಲ್ಲಿ ಇದೇ ನಡಿಗೆ ನೀರಿನ ಮೇಲೆ ತೇಲಿದಂತೆ ಬರುತ್ತದೆ. ಜಾಗ ನೋಡಲು ಹೋಗುವಾಗ ಟೇಪ್ ಒಯ್ಯಿರಿ. ಅತಿ ಹತ್ತಿರದ ವಸ್ತು ಎರಡು ಮೀಟರಿಗಿಂತ ಆಚೆ ಇರುವ ದಾರಿ ಹುಡುಕಿ.

ಇದೇ ಕಾರಣಕ್ಕೆ ಲೆನ್ಸ್ ವೈಡ್ ಇರಬೇಕು. 50 ಎಂಎಂ ಹಾಕಿದರೆ ಒಂದು ಡಿಗ್ರಿಗೆ 23 ಪಿಕ್ಸೆಲ್ ಇದ್ದದ್ದು 71 ಆಗುತ್ತದೆ.

ಸಾಮಾನು

ಮುಂದೆ ಕೊಡುವ ಅಳತೆಯೆಲ್ಲ ಲೆನ್ಸ್, ಬ್ಯಾಟರಿ ಸೇರಿ 550 ಗ್ರಾಂ ತೂಗುವ ಕ್ಯಾಮೆರಾಗೆ. ಕಿಲೋ ದಾಟಿದ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯುವ ಸಾಧನಕ್ಕೆ ಏರಿಸಬೇಡಿ, ಮಣಿಕಟ್ಟು ಕೇಳುವುದಿಲ್ಲ. ಬರೀ ಮೊಬೈಲ್ ಆದರೆ ತೊಂದರೆ ಉಲ್ಟಾ: 200 ಗ್ರಾಮಿನ ಫೋನಿಗೆ ಜಡತ್ವವೇ ಸಾಲದು, ಅದರ ಕೆಳಗೆ 300 ಗ್ರಾಮಿನ ಕಬ್ಬಿಣದ ತಟ್ಟೆ ಹಾಕಿ ಬೇಕೆಂದೇ ಭಾರ ಮಾಡಬೇಕು.

ಕಂಬಕ್ಕೆ ಮುಕ್ಕಾಲು ಇಂಚಿನ, ಅಂದರೆ 19 ಎಂಎಂ ಹೊರವ್ಯಾಸದ ಅಲ್ಯೂಮಿನಿಯಂ ಪೈಪ್, ದಪ್ಪ 1.2 ಎಂಎಂ, ಉದ್ದ 425 ಎಂಎಂ. ತೂಕ 76 ಗ್ರಾಂ ಆಗುತ್ತದೆ. ಕಿಟಕಿ, ಪಾರ್ಟಿಶನ್ ಮಾಡುವವರ ಹತ್ತಿರ ತುಂಡು ಸಿಗುತ್ತದೆ. ಜಿಐ ಪೈಪ್ ಬೇಡ. ಕಂಬದ ನಡುವಿನ ತೂಕ ಕೈ ನೋಯಿಸುತ್ತದೆಯೇ ಹೊರತು ಕೆಲಸಕ್ಕೆ ಬರುವುದಿಲ್ಲ, ತೂಕ ತುದಿಗಳಲ್ಲಿರಬೇಕು. ತಿರುಗುವುದಕ್ಕೆ ಒಡ್ಡುವ ತಡೆ ದೂರದ ವರ್ಗದಂತೆ ಏರುತ್ತದೆ, ಹಾಗಾಗಿ ಅದೇ 100 ಗ್ರಾಮನ್ನು ಎರಡು ಪಟ್ಟು ದೂರ ಇಟ್ಟರೆ ನಾಲ್ಕು ಪಟ್ಟು ಫಲ.

ಪೈಪಿನ ಎರಡೂ ಬಾಯಿಗೆ ಅಲ್ಯೂಮಿನಿಯಂ ರಾಡಿನಿಂದ 25 ಎಂಎಂ ಉದ್ದದ ಬಿರಡೆ ತಿರುಗಿಸಿಕೊಳ್ಳಿ. ಮೇಲಿನದಕ್ಕೆ 50 ಎಂಎಂ ಅಗಲದ ತಲೆ ಇರಲಿ, ಅದರ ಮೇಲೆ ತಟ್ಟೆ ಕೂರುತ್ತದೆ. ಕೆಳಗಿನದಕ್ಕೆ 8.5 ಎಂಎಂ ತೂತು ಕೊರೆದು ಎಂ10 ಟ್ಯಾಪ್ (10 ಎಂಎಂ ಬೋಲ್ಟು ಕೂರುವ ಎಳೆ) ಹಾಕಿಸಿ. ಎರಡನ್ನೂ ಪಕ್ಕದಿಂದ ಎಂ4 ಸ್ಕ್ರೂ ಹಾಕಿ ಬಿಗಿಯಿರಿ. ಬರೀ ಅಂಟು ಹಾಕಿದರೆ ನಾಲ್ಕು ದಿನದಲ್ಲಿ ಸಡಿಲವಾಗಿ ಶಾಟಿನ ಮಧ್ಯದಲ್ಲಿ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ತಿರುಗುತ್ತದೆ.

ಕೆಳಗಿನ ಬಿರಡೆಗೆ 100 ಎಂಎಂ ಉದ್ದದ ಎಂ10 ಥ್ರೆಡ್ ರಾಡ್. ಅದರ ಮೇಲೆ 25×3 ಎಂಎಂ ಅಲ್ಯೂಮಿನಿಯಂ ಪಟ್ಟಿ, 250 ಎಂಎಂ ಉದ್ದ, ನಡುವೆ ತೂತು, ಮೇಲೊಂದು ಕೆಳಗೊಂದು ನಟ್ಟು. ಪಟ್ಟಿಯ ಎರಡು ತುದಿಗೂ, ನಡುವಿನಿಂದ 110 ಎಂಎಂ ದೂರಕ್ಕೆ, ಒಂದೊಂದು ಎಂ10 ಬೋಲ್ಟು. ಭಾರ ಇಲ್ಲಿ ಕೂರುವುದು. ನಡುವಿನ ರಾಡಿಗೇ ಭಾರವನ್ನೆಲ್ಲ ಪೋಣಿಸಿದರೆ ಎತ್ತರದ ಲೆಕ್ಕ ಸರಿಹೋಗುತ್ತದೆ, ಆದರೆ ಕ್ಯಾಮೆರಾ ಬೊಂಬೆಯ ಹಾಗೆ ಎಡಬಲಕ್ಕೆ ತಿರುಗುತ್ತಾ ಹೋಗುತ್ತದೆ, ಯಾಕೆಂದರೆ ಪ್ಯಾನ್ ದಿಕ್ಕಿಗೆ, ಅಂದರೆ ಎಡಬಲದ ತಿರುವಿಗೆ, ಜಡತ್ವವೇ ಉಳಿದಿರುವುದಿಲ್ಲ. ಪಟ್ಟಿ 250ಕ್ಕಿಂತ ಉದ್ದ ಮಾಡಿದರೆ ಇನ್ನೂ ನಿಧಾನವಾಗುತ್ತದೆ ನಿಜ, ತೋಟದೊಳಗೆ ಪ್ರತಿ ಗಿಡಕ್ಕೂ ಸಿಕ್ಕಿಕೊಳ್ಳುವುದೂ ನಿಜ.

ವಾಷರ್‌ಗಳು 30 ಎಂಎಂ ಅಗಲದವು, ಎಂ10 ತೂತಿನವು, 2.5 ಎಂಎಂ ದಪ್ಪದವು. ಒಂದರ ತೂಕ ಹನ್ನೆರಡು ಗ್ರಾಂ ಆಸುಪಾಸು. ಇಪ್ಪತ್ತು ತನ್ನಿ. ನಡುನಡುವೆ ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ ಹಾಕದಿದ್ದರೆ ಹೆಜ್ಜೆಗೊಮ್ಮೆ ಕಿಣಿಕಿಣಿ ಅನ್ನುವುದು ಕ್ಯಾಮೆರಾ ಮೈಕಿಗೆ ಸ್ಪಷ್ಟವಾಗಿ ಬೀಳುತ್ತದೆ.

ಮೇಲಿನ ತಟ್ಟೆ ಎರಡು ಪದರ: 90×90 ಎಂಎಂ, 3 ಎಂಎಂ ದಪ್ಪದ ಎರಡು ಅಲ್ಯೂಮಿನಿಯಂ ಹಾಳೆ. ಕೆಳಗಿನದರಲ್ಲಿ ಎಡಬಲ ಜಾರಲು 6 ಎಂಎಂ ಅಗಲದ ಉದ್ದತೂತುಗಳು, ಮೇಲಿನದರಲ್ಲಿ ಹಿಂದೆ ಮುಂದೆ ಜಾರಲು ಕ್ಯಾಮೆರಾ ಬೋಲ್ಟಿಗೆ 6.5 ಎಂಎಂ ಅಗಲದ ಒಂದು ಉದ್ದತೂತು. ಕ್ಯಾಮೆರಾ ಬೋಲ್ಟು ಕಾಲಿಂಚಿನದು, ಇಂಚಿಗೆ 20 ಎಳೆ. ಅಂಗಡಿಯವರು ಕಣ್ಣಳತೆಯಲ್ಲಿ ಎಂ6 ಬೋಲ್ಟು ಕೊಟ್ಟುಬಿಡುತ್ತಾರೆ. ಅದು ಒಂದೆರಡು ಸುತ್ತು ಒಳಗೆ ಹೋಗಿ ಅಳ್ಳಾಡುತ್ತದೆ. ಬಲವಂತ ಮಾಡಿದರೆ ಬೇರೆಯವರ ಕ್ಯಾಮೆರಾದ ತೂತಿನ ಎಳೆ ಹಾಳು. ತಟ್ಟೆಯಿಂದ ಮೇಲಕ್ಕೆ ಬೋಲ್ಟು 5 ಎಂಎಂ ಮಾತ್ರ ಚಾಚಿರಲಿ, ಜಾಸ್ತಿಯಾದರೆ ವಾಷರ್ ಹಾಕಿ ತಗ್ಗಿಸಿ.

ಗಿಂಬಲ್: ದುಡ್ಡು, ತಾಳ್ಮೆ ಎರಡೂ ಇಲ್ಲಿಗೇ

ಸ್ಪ್ಯಾನರ್ ಸೆಟ್ಟಿನ ಯುನಿವರ್ಸಲ್ ಜಾಯಿಂಟ್ ಬೇಡ, ಅದರ ಬಿಗುವು ಜಾಸ್ತಿ. ರಾಡ್ ಎಂಡ್ ಬೇರಿಂಗ್ ಬಳಸುವವರಿದ್ದಾರೆ. ಅದು ಹದಿಮೂರು ಹದಿನೈದು ಡಿಗ್ರಿ ವಾಲುವಷ್ಟರಲ್ಲಿ ಅಂಚಿಗೆ ತಾಗಿ ನಿಲ್ಲುತ್ತದೆ, ಒಳಗೆ ಉಜ್ಜುವುದೂ ಇದೆ. ಉಂಗುರದೊಳಗೆ ಉಂಗುರವೇ ಸರಿ.

ಕಂಬದ ಸುತ್ತ ಒಂದು 6804 ಬೇರಿಂಗ್: ಒಳವ್ಯಾಸ 20, ಹೊರವ್ಯಾಸ 32, ಅಗಲ 7 ಎಂಎಂ. ಇದು ಪ್ಯಾನ್‌ಗೆ. ರಬ್ಬರ್ ಮುಚ್ಚಳದ ಆರ್‌ಎಸ್ ಅಲ್ಲ, ತಗಡಿನ ಮುಚ್ಚಳದ ಝಡ್‌ಝಡ್ ಕೇಳಿ. ರಬ್ಬರ್ ತುಟಿಯ ಉಜ್ಜಾಟವೇ ಇಂಥ ಹಗುರ ಕೆಲಸಕ್ಕೆ ಹೊರೆ. ಪೈಪ್ 19, ಬೇರಿಂಗ್ 20, ನಡುವಿನ ಸಂದು ಸುತ್ತಲೂ ಅರ್ಧ ಎಂಎಂ. ಇದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿದರೆ ಒಂದು ಕಡೆ ಒತ್ತಿಕೊಂಡು ಕಂಬ ವಾರೆಯಾಗುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ತಗಡು ಹೆಚ್ಚೂಕಡಿಮೆ 0.1 ಎಂಎಂ ದಪ್ಪ. ಅದರ ಪಟ್ಟಿಯನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಬೇರಿಂಗ್ ತಳ್ಳಿದರೆ ಗಡಸಾಗಿ ಕೂರುತ್ತದೆ. ಬೇರಿಂಗಿನ ಜಾಗ ತಟ್ಟೆಯಿಂದ 95 ಎಂಎಂ ಕೆಳಗೆ.

ಬೇರಿಂಗಿನ ಹೊರಗೆ ಕಾಲರ್: ಒಳಗೆ 32, ಹೊರಗೆ 42, ಎತ್ತರ 14 ಎಂಎಂ. ಅದರ ಸುತ್ತ ಉಂಗುರ: ಒಳಗೆ 50, ಹೊರಗೆ 62, ಎತ್ತರ 16 ಎಂಎಂ. ಕಾಲರಿನ ಎರಡು ಎದುರು ಬದಿಗೆ ಎಂ3 ಸ್ಕ್ರೂ, ಅವು ಉಂಗುರದಲ್ಲಿ ಕೂರಿಸಿದ ಎರಡು 623 ಬೇರಿಂಗುಗಳೊಳಗೆ ಹೋಗುತ್ತವೆ. 623 ಅಂದರೆ ಒಳಗೆ 3, ಹೊರಗೆ 10, ಅಗಲ 4 ಎಂಎಂ. ಆ ಗೆರೆಗೆ ಸರಿಯಾಗಿ 90 ಡಿಗ್ರಿಯಲ್ಲಿ, ಉಂಗುರದ ಹೊರಮೈಗೆ ಇನ್ನೆರಡು ಎಂ3 ಸ್ಕ್ರೂ. ಅವು ಹಿಡಿಯ ಕವೆಯಲ್ಲಿರುವ ಇನ್ನೆರಡು 623 ಒಳಗೆ. ಕವೆಯನ್ನು 20 ಎಂಎಂ ಅಗಲದ ಕಬ್ಬಿಣದ ಪಟ್ಟಿಯಿಂದ ಯು ಆಕಾರಕ್ಕೆ ಬಗ್ಗಿಸಿ. 623 ಕೂರುವ ಜಾಗಕ್ಕೆ ಪಟ್ಟಿ 5 ಎಂಎಂ ದಪ್ಪ ಬೇಕು, ಕಾಯಿಸಿಯೇ ಬಗ್ಗಿಸಿ. ಒಳ ಅಗಲ 68 ಎಂಎಂ. ಯು ಹಿಂಬದಿಗೆ ಎಂ8 ಬೋಲ್ಟಿನಲ್ಲಿ 120 ಎಂಎಂ ಉದ್ದದ ಹಿಡಿ ಕೆಳಮುಖವಾಗಿ, ಕಂಬದಿಂದ 60 ಎಂಎಂ ಆಚೆ. ಸೈಕಲ್ ಹ್ಯಾಂಡಲಿನ ಗ್ರಿಪ್ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕಂಬ ಹಿಡಿಯ ಕಡೆಗೆ ಇಪ್ಪತ್ತು ಡಿಗ್ರಿ ವಾಲಿದರೆ ತಾಗುತ್ತದೆ. ನಡಿಗೆಗೆ ಅಷ್ಟು ಧಾರಾಳ.

ಎಲ್ಲ ಕೆಡುವುದು ಈ ತೂತುಗಳಲ್ಲಿ. ಮೂರೂ ಅಕ್ಷಗಳು ಕಂಬದ ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಸಂಧಿಸಬೇಕು. ಎದುರುಬದುರು ತೂತುಗಳನ್ನು ಬೇರೆಬೇರೆಯಾಗಿ ಗುರುತು ಹಾಕಿ ಕೊರೆದರೆ ಸಂಧಿಸುವುದಿಲ್ಲ. ಒಂದು ಕಾಗದದ ಪಟ್ಟಿಯನ್ನು ಉಂಗುರಕ್ಕೆ ಸುತ್ತಿ, ಸೇರುವ ಕಡೆ ಕತ್ತರಿಸಿ, ನಾಲ್ಕು ಮಡಿಕೆ ಮಡಚಿ ಬಿಚ್ಚಿ. ಮಡಿಕೆಯ ಗೆರೆಗಳೇ 90 ಡಿಗ್ರಿಯ ಗುರುತು. ಮತ್ತೆ ಉಂಗುರಕ್ಕೆ ಸುತ್ತಿ ಪಂಚ್ ಹೊಡೆಯಿರಿ. ಕೊರೆಯುವಾಗ ವಿ-ಬ್ಲಾಕಿನ ಮೇಲಿಟ್ಟು ಮೊದಲು ಸಣ್ಣ ಬಿಟ್ಟಿನಿಂದ ಒಂದೇ ಏಟಿಗೆ ಎರಡೂ ಗೋಡೆ ದಾಟಿಸಿ, ಆಮೇಲೆ ದೊಡ್ಡದು ಮಾಡಿ. ಲೇತಿನವರಿಗೆ ಬಾಯಲ್ಲಿ ಹೇಳಿ ಬರಬೇಡಿ, ಕಾಗದದಲ್ಲಿ ಬರೆದು ಬೇರಿಂಗುಗಳನ್ನೂ ಜೊತೆಗೆ ಕೊಟ್ಟು ಬನ್ನಿ. ಪಲ್ಪರ್ ಶಾಫ್ಟು, ಟ್ರ್ಯಾಕ್ಟರ್ ಬುಷ್ ಮಾಡುವ ಕೈಗೆ ಇದು ಮಕ್ಕಳ ಆಟ. ಆದರೆ ಯಂತ್ರದಲ್ಲಿ ನಡೆದುಹೋಗುವ ಅರ್ಧ ಎಂಎಂ ಇಲ್ಲಿ ಯಾಕೆ ನಡೆಯುವುದಿಲ್ಲ ಅಂತ ಅವರಿಗೆ ಒಮ್ಮೆ ತಿಳಿಸಿ ಹೇಳಬೇಕು.

ಬೇರಿಂಗ್ ಒತ್ತುವಾಗ ಹೊರಬಳೆ ಬಿಗಿಯಾಗಿದ್ದರೆ ಹೊರಬಳೆಯ ಮೇಲೆಯೇ ಒತ್ತಡ ಬೀಳಬೇಕು. ಅದೇ ಅಳತೆಯ ಸಾಕೆಟ್ ಇಟ್ಟು ವೈಸಿನಲ್ಲಿ ಒತ್ತಿ. ಸುತ್ತಿಗೆಯಿಂದ ಒಳಬಳೆಗೆ ಹೊಡೆದರೆ ಗುಂಡುಗಳು ಹಳಿಯಲ್ಲಿ ಕುಳಿ ಒತ್ತುತ್ತವೆ. ಆಮೇಲೆ ಪ್ಯಾನ್ ಮಾಡುವಾಗ ಕಟಕಟ ಅನ್ನುವುದು ಬೆರಳಿಗೆ ತಿಳಿಯುತ್ತದೆ, ಅದಕ್ಕೆ ರಿಪೇರಿ ಇಲ್ಲ. ಹೊಸ ಬೇರಿಂಗಿನೊಳಗೆ ತುಂಬಿರುವ ಗ್ರೀಸು ಮೋಟಾರಿಗೆ, ನಮಗಲ್ಲ. ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅಲ್ಲಾಡಿಸಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ಬೆರಳಲ್ಲಿ ತಟ್ಟಿದರೆ ತಿರುಗುತ್ತಲೇ ಇರಬೇಕು.

ಗಿಂಬಲನ್ನು ತ್ರೀಡಿ ಪ್ರಿಂಟ್ ಮಾಡಿಸುವುದೂ ಈಗ ಸುಲಭ. ಪಿಎಲ್‌ಎ ಪ್ಲಾಸ್ಟಿಕ್ ಅರವತ್ತು ಡಿಗ್ರಿ ಶಾಖಕ್ಕೆ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಅರಸೀಕೆರೆ, ಕಡೂರು ಬಯಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಏರಬಹುದು. ಪಿಇಟಿಜಿ ಪ್ಲಾಸ್ಟಿಕ್ ಆದರೆ ಪರವಾಗಿಲ್ಲ.

ತೂಗುವುದು

ಈಗ ಆ ವಾಷರಿನ ವಿಷಯ. ಕ್ಯಾಮೆರಾ 550, ತಟ್ಟೆ ಸ್ಕ್ರೂಗಳು 200, ಒಟ್ಟು 750 ಗ್ರಾಂ. ಇದರ ನಡುಬಿಂದು ಗಿಂಬಲ್‌ನಿಂದ ಸುಮಾರು 130 ಎಂಎಂ ಮೇಲೆ. ಗುಣಿಸಿದರೆ 97,500. ಪೈಪಿನ ಬಹುಪಾಲು ಗಿಂಬಲ್ ಕೆಳಗಿರುವುದರಿಂದ ಅದರದ್ದೇ 8,900 ಕಳೆಯುತ್ತದೆ. ಉಳಿದದ್ದನ್ನು ಕೆಳಪಟ್ಟಿ ಇರುವ 330 ಎಂಎಂ ದೂರದಿಂದ ಭಾಗಿಸಿದರೆ 268 ಗ್ರಾಂ. ಪಟ್ಟಿ, ರಾಡು, ಬೋಲ್ಟು ಸೇರಿ 180 ಗ್ರಾಂ ಆಗಲೇ ಅಲ್ಲಿದೆ. ಅಂದರೆ ಬೇಕಾದದ್ದು ಏಳೆಂಟು ವಾಷರ್, ಅಷ್ಟೇ. ಈ ಹಂತಕ್ಕೆ ಸಾಧನ ಪೂರ್ತಿ ಸಮತೋಲದಲ್ಲಿದೆ: ಹೇಗೆ ಇಟ್ಟರೆ ಹಾಗೆ ನಿಲ್ಲುತ್ತದೆ, ಅಡ್ಡ ಮಲಗಿಸಿದರೆ ಮಲಗಿಯೇ ಇರುತ್ತದೆ.

ಇನ್ನು ಅದಕ್ಕೆ ನೆಟ್ಟಗಿರುವ ಒಲವು ಎಷ್ಟು ಕೊಡಬೇಕು ಅನ್ನುವುದನ್ನು ಅಳೆಯುವ ರೀತಿಗೆ ಡ್ರಾಪ್ ಟೈಮ್ ಅನ್ನುತ್ತಾರೆ. ಕಂಬವನ್ನು ಹಿಡಿಗೆ ತಾಗದ ಕಡೆಗೆ ಪೂರ್ತಿ ಅಡ್ಡ ಹಿಡಿದು ಬಿಟ್ಟಾಗ, ನೆಟ್ಟಗಿನ ಗೆರೆ ದಾಟಲು ತೆಗೆದುಕೊಳ್ಳುವ ಸಮಯ. ಎರಡು ಸೆಕೆಂಡ್ ಹದ. ಈ ಅಳತೆಯ ಸಾಧನಕ್ಕೆ ಆ ಎರಡು ಸೆಕೆಂಡ್ ಬರಲು ಸಮತೋಲದ ಮೇಲೆ ಹೆಚ್ಚಿಗೆ ಬೇಕಾಗುವುದು 12 ಗ್ರಾಂ. ಒಂದು ವಾಷರ್! ಇನ್ನು ಮೂರು ಹಾಕಿದರೆ ಸಮಯ ಒಂದು ಸೆಕೆಂಡಿಗೆ ಇಳಿದು ಲೋಲಕದ ಚಾಳಿ ಶುರುವಾಗುತ್ತದೆ. ಕಿಲೋಗಟ್ಟಲೆ ಜಿಮ್ ಪ್ಲೇಟು ಕಟ್ಟಿದವರ ಶಾಟ್ ಯಾಕೆ ತೂಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ವಾಷರಿಗಿಂತ ಸಣ್ಣ ಹೊಂದಾಣಿಕೆಗೆ ಕೆಳಗಿನ ಥ್ರೆಡ್ ರಾಡ್ ಇದೆ. ಎಂ10 ಎಳೆ ಸುತ್ತಿಗೆ 1.5 ಎಂಎಂ. ಪಟ್ಟಿಯನ್ನು ಒಂದು ಸುತ್ತು ಇಳಿಸಿದರೆ ಒಂದೂಕಾಲು ಗ್ರಾಂ ಸೇರಿಸಿದಷ್ಟು ಫಲ.

ಇಷ್ಟು ಹಗುರ ಒಲವಿನ ಇನ್ನೊಂದು ಮುಖವೂ ಇದೆ. ಎರಡು ಸೆಕೆಂಡಿನ ಹದದಲ್ಲಿ ಒಟ್ಟು ತೂಕದ ನಡುಬಿಂದು ಗಿಂಬಲ್‌ನಿಂದ ಬರೀ 3.6 ಎಂಎಂ ಕೆಳಗಿರುತ್ತದೆ. ಕ್ಯಾಮೆರಾ ತಟ್ಟೆಯ ಮೇಲೆ ಒಂದು ಎಂಎಂ ಸರಿದರೆ ಇಡೀ ಕಂಬ ಎಂಟು ಡಿಗ್ರಿ ವಾಲುತ್ತದೆ. ಗಿಂಬಲ್ ಅಕ್ಷ ಒಂದು ಎಂಎಂ ತಪ್ಪಿದ್ದರೆ ಹದಿನೈದು ಡಿಗ್ರಿ, ಅದೂ ಪ್ಯಾನ್ ಮಾಡಿದಂತೆಲ್ಲ ಬೇರೆ ಬೇರೆ ಕಡೆಗೆ. ಉತ್ತರಕ್ಕೆ ನೋಡುವಾಗ ಸರಿಯಿದ್ದದ್ದು ಪೂರ್ವಕ್ಕೆ ತಿರುಗಿದಾಗ ವಾಲಿತು ಅಂದರೆ ದೋಷ ತೂಕದಲ್ಲಿಲ್ಲ, ಲೇತಿಗೆ ವಾಪಸ್. 623 ಕೂರುವ ತೂತಿನಲ್ಲಿ 0.2 ಎಂಎಂ ಆಟವಿದ್ದರೂ ಮೂರು ಡಿಗ್ರಿ ಜಿಗಿತ ಕಾಣುತ್ತದೆ. ಆಟ ತೆಗೆಯಲು ತೆಳು ನೈಲಾನ್ ವಾಷರ್ ಹಾಕಿ ತಾನಾಗಿ ಸಡಿಲವಾಗದ ನೈಲಾಕ್ ನಟ್ಟಿನಲ್ಲಿ ಬಿಗಿಯಿರಿ, ಬೇರಿಂಗ್ ಹಿಡಿದುಕೊಳ್ಳುವಷ್ಟು ಬಿಗಿ ಮಾತ್ರ ಬೇಡ.

ಕೈಯಿಂದ ತಟ್ಟೆ ಜಾರಿಸಿ ಅರ್ಧ ಎಂಎಂ ನಿಖರತೆ ಸಾಧಿಸುವುದೇ ಕಷ್ಟ. ಉಳಿದದ್ದಕ್ಕೆ ಒಂದು ಸರಳ ಉಪಾಯ: ಕೆಳತಟ್ಟೆಯ ಮುಂದಕ್ಕೊಂದು, ಪಕ್ಕಕ್ಕೊಂದು 60 ಎಂಎಂ ಎಂ10 ಥ್ರೆಡ್ ರಾಡಿನ ತುಂಡು ಅಡ್ಡಲಾಗಿ ಬಿಗಿದು, ತಲಾ ಒಂದು ನಟ್ಟು ತೊಡಿಸಿ. ನಟ್ಟಿನ ತೂಕ 11 ಗ್ರಾಂ ಆಸುಪಾಸು. ಒಂದು ಸುತ್ತು ತಿರುಗಿಸಿದರೆ ಕಂಬ ಕಾಲು ಡಿಗ್ರಿ ವಾಲುತ್ತದೆ. ತಟ್ಟೆಯ ಮೇಲೆ ಸಣ್ಣ ರಸಮಟ್ಟ ಇಟ್ಟು, ಒಮ್ಮೆ ಮುಂದಿನ ನಟ್ಟು ಒಮ್ಮೆ ಪಕ್ಕದ ನಟ್ಟು ತಿರುಗಿಸುತ್ತಾ ಗುಳ್ಳೆಯನ್ನು ನಡುವಿಗೆ ತರಬಹುದು.

ಇದಕ್ಕೆ ಕೂರುವ ಮೊದಲು ಶಾಟಿನಲ್ಲಿ ಕ್ಯಾಮೆರಾ ಹೇಗಿರುತ್ತದೋ ಹಾಗೇ ಮಾಡಿಕೊಳ್ಳಿ: ಕುತ್ತಿಗೆ ಪಟ್ಟಿ ಬಿಚ್ಚಿ, ಲೆನ್ಸ್ ಮುಚ್ಚಳ ತೆಗೆದು, ಕಾರ್ಡ್ ಹಾಕಿ, ಸ್ಕ್ರೀನ್ ತೆರೆದಿಡುವುದಾದರೆ ತೆರೆದು. ಝೂಮ್ ಮುಟ್ಟಿದರೆ ಲೆಕ್ಕವೆಲ್ಲ ಮೊದಲಿನಿಂದ. ಮತ್ತೆ, ಫ್ಯಾನ್ ಆರಿಸಿ. ಫ್ಯಾನ್ ಕೆಳಗೆ ಕೂತು ತೂಗಿದರೆ ಸಂಜೆಯಾದರೂ ಮುಗಿಯುವುದಿಲ್ಲ.

ನಿಂತಲ್ಲೇ ನೆಟ್ಟಗಾದ ಮೇಲೆ ಕಂಬವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ. ತಿರುಗುವಾಗಲೂ ನೆಟ್ಟಗಿದ್ದರೆ ಕೆಲಸ ಮುಗಿಯಿತು. ತಲೆ ಅಲ್ಲಾಡಿಸಿದರೆ ಕ್ಯಾಮೆರಾದ ತೂಕ ಕಂಬದ ನೇರಕ್ಕಿಲ್ಲ, ಕೆಳಗಿನ ಎರಡು ತುದಿಯ ಭಾರವನ್ನು ಏರುಪೇರು ಮಾಡಿ ಅದನ್ನು ಮರೆಮಾಚಿದ್ದೀರಿ ಎಂದರ್ಥ. ಎರಡೂ ಬೋಲ್ಟಿಗೆ ವಾಷರ್ ಸಮ ಹಾಕಿ ಕ್ಯಾಮೆರಾವನ್ನೇ ಸರಿಸಿ. ವಾಷರಿನ ಸಂಖ್ಯೆ ಬೆಸ ಬಂದರೆ ಒಂಟಿಯಾದದ್ದನ್ನು ನಡುವಿನ ರಾಡಿಗೆ ಪೋಣಿಸಿ.

ನಡಿಗೆ, ಗಾಳಿ, ಜಾಗ

ಬಲಗೈಯಲ್ಲಿ ಹಿಡಿ, ಎಡಗೈಯ ಹೆಬ್ಬೆರಳು ತೋರುಬೆರಳು ಗಿಂಬಲ್ ಕೆಳಗಡೆ ಕಂಬಕ್ಕೆ ತಾಗಿಯೂ ತಾಗದ ಹಾಗೆ. ಬೆರಳುಗಳು ದಿಕ್ಕು ತೋರಿಸಲಿಕ್ಕೆ, ಹಿಡಿಯಲಿಕ್ಕಲ್ಲ. ಹೊರಡುವಾಗ, ನಿಲ್ಲುವಾಗ ಮಾತ್ರ ಚೂರು ಹೆಚ್ಚು ಒತ್ತಿ. ಮೊಣಕಾಲು ಸಡಿಲ, ಹಿಮ್ಮಡಿ ಮೊದಲು, ಆಮೇಲೆ ಪಾದ. ಒಟ್ಟು ಭಾರ ಹಿಡಿ ಸೇರಿ ಕಿಲೋ ಮುನ್ನೂರರಷ್ಟೇ ಇದ್ದರೂ ಚಾಚಿದ ಕೈಗೆ ಅರ್ಧ ನಿಮಿಷದಲ್ಲಿ ನಡುಕ ಬರುತ್ತದೆ, ಶಾಟನ್ನು ಇಪ್ಪತ್ತು ಸೆಕೆಂಡಿಗೆ ಯೋಜಿಸಿ. ಹಿಂದೆ ಹಿಂದೆ ನಡೆಯುವ ಶಾಟಿಗೆ ಒಬ್ಬರು ಬೆನ್ನ ಮೇಲೆ ಕೈಯಿಟ್ಟು ದಾರಿ ತೋರಲೇಬೇಕು; ಮರಗಸಿ ಮಾಡಿದ, ಅಂದರೆ ನೆರಳಿನ ಮರದ ಕೊಂಬೆ ಸವರಿದ, ತೋಟದಲ್ಲಿ ನೆಲದ ತುಂಬ ಕೊಂಬೆ, ಮಳೆಗಾಲವಾದರೆ ಜೊತೆಗೆ ಉಂಬಳ (ಜಿಗಣೆ).

ಫೋಕಸ್ ಮ್ಯಾನ್ಯುಯಲ್. 16 ಎಂಎಂ ಲೆನ್ಸಿಗೆ ಎಫ್/8 ಇಟ್ಟು 1.6 ಮೀಟರಿಗೆ ಫೋಕಸ್ ಮಾಡಿದರೆ 80 ಸೆಂಟಿಮೀಟರಿನಿಂದ ಅನಂತದವರೆಗೆ ಸ್ಪಷ್ಟ. ಮರದ ನೆರಳಲ್ಲಿ ಎಫ್/8ಕ್ಕೆ ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ, ಲೆನ್ಸಿನ ಕಿಂಡಿ ಅಗಲ ಮಾಡಬೇಡಿ. 25 ಫ್ರೇಮಿಗೆ ಶಟರ್ 1/50. ಕ್ಯಾಮೆರಾದೊಳಗಿನ ಸ್ಟೆಬಿಲೈಜೇಶನ್ ವೈಡ್ ಲೆನ್ಸಿನ ಮೂಲೆಗಳನ್ನು ಎಳೆದಾಡುತ್ತದೆ. ಆರಿಸಿ ಒಮ್ಮೆ, ಹಾಕಿ ಒಮ್ಮೆ ತೆಗೆದು ಹೋಲಿಸಿಕೊಳ್ಳಿ.

ಗಾಳಿ ಈ ಸಾಧನದ ಶತ್ರು. ಕ್ಯಾಮೆರಾದ ಮುಖ ನೂರು ಚದರ ಸೆಂಟಿಮೀಟರ್ ಅಂದುಕೊಂಡರೆ, ಗಂಟೆಗೆ 18 ಕಿಲೋಮೀಟರಿನ ತಂಗಾಳಿಯೇ ಎರಡು ಸೆಕೆಂಡಿನ ಹದದ ಕಂಬವನ್ನು 25 ಡಿಗ್ರಿ ಮೀರಿ ವಾಲಿಸುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಮೇಲೆ ಅದು ತಂಗಾಳಿ ಅನ್ನುವುದಕ್ಕೂ ಸಾಲದು. ಅಲ್ಲಿ ಇನ್ನು ಮೂರು ವಾಷರ್ ಹಾಕಿ ಒಂದು ಸೆಕೆಂಡಿಗೆ ತಂದರೆ ಅದೇ ಗಾಳಿಗೆ ವಾಲುವುದು ಏಳು ಡಿಗ್ರಿಯಷ್ಟು. ಬದಲಿಗೆ ಹೊರಡುವುದನ್ನೂ ನಿಲ್ಲುವುದನ್ನೂ ತೀರಾ ನಿಧಾನ ಮಾಡಬೇಕಾಗುತ್ತದೆ. ಗಾಳಿ ಬರುವ ಕಡೆಗೆ ಒಬ್ಬರು ಥರ್ಮಾಕೋಲ್ ಹಾಳೆ ಹಿಡಿದು ಜೊತೆಗೇ ನಡೆಯುವುದು ಇನ್ನೂ ಒಳ್ಳೆಯದು. ಅದಕ್ಕೂ ಜಗ್ಗದ ಗಾಳಿಗೆ ಟ್ರೈಪಾಡ್ ಇದೆ.

ಬೇಲೂರು, ಹಳೇಬೀಡಿನ ಜಗತಿಗಳು (ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆಗಳು) ನೋಡಲು ಇಂಥ ಶಾಟಿಗೆಂದೇ ಕಟ್ಟಿದಂತಿವೆ: ಮಟ್ಟಸ ಕಲ್ಲುಹಾಸು, ಗುಡಿಯ ಸುತ್ತ ಪ್ರದಕ್ಷಿಣೆಗೆ ಜಾಗ. ತೊಡಕು ಇರುವುದು ನಕ್ಷತ್ರಾಕಾರದ ಗೋಡೆಯಲ್ಲಿ. ಮೂಲೆ ಮುಂದೆ ಬಂದು ಹಿಂದೆ ಸರಿಯುವುದರಿಂದ ನೇರ ನಡೆದರೂ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಹತ್ತಿರ ಬಂದ ಮೂಲೆಯಲ್ಲಿ ಹೆಜ್ಜೆಯ ಕುಣಿತ ಎದ್ದು ಕಾಣುತ್ತದೆ. ಜಗತಿಯ ಹೊರ ಅಂಚಿಗೆ ಸರಿದು ನಡೆಯಿರಿ. ಬರಿಗಾಲು ಹೇಗೂ ಕಡ್ಡಾಯ, ನೆಲದ ಹದ ತಿಳಿಯಲು ಅದು ಒಳ್ಳೆಯದೇ. ಆದರೆ ಬಿಸಿಲೇರಿದ ಮೇಲೆ ಕಾದ ಕಲ್ಲಿನ ಮೇಲೆ ಯಾರೂ ಮೆಲ್ಲಗೆ ನಡೆಯಲಾರರು. ಬೆಳಗ್ಗೆಯೇ ಮುಗಿಸಬೇಕು. ಇವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಾದ್ದರಿಂದ ಸಿನಿಮಾ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಬೇಕು. ಸಾಧನ ಸಣ್ಣದು, ಯಾರೂ ಕೇಳುವುದಿಲ್ಲ ಅಂದುಕೊಂಡು ಹೋಗಬೇಡಿ.

ಮಲೆನಾಡಿನ ಮಂಜು, ಜಡಿಮಳೆಯಲ್ಲಿ ಬಳಸಿದ ದಿನ ರಾತ್ರಿಯೇ ಬೇರಿಂಗುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಒರೆಸಿಡಿ. ಬೇರಿಂಗಿನ ಉಕ್ಕು ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ, ಒಮ್ಮೆ ಹಿಡಿದರೆ ತೊಳೆದು ಪ್ರಯೋಜನವಿಲ್ಲ. ಒಂದು 6804, ಎರಡು 623, ನಾಲ್ಕು ಎಂ3 ಸ್ಕ್ರೂ, ಕಾಲಿಂಚಿನ ಬೋಲ್ಟು ಒಂದು, ಉಳಿದ ವಾಷರ್‌ಗಳೆಲ್ಲ ಸಣ್ಣ ಡಬ್ಬಿಯಲ್ಲಿ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ತಟ್ಟೆಯ ಮೇಲೆ ಕ್ಯಾಮೆರಾ ಕೂತ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಲೆನ್ಸಿನ ಹೆಸರು, ವಾಷರ್ ಎಷ್ಟು, ನಟ್ಟು ಎಲ್ಲಿ ಅನ್ನುವುದನ್ನು ಪಕ್ಕದಲ್ಲೇ ಬರೆದಿಡಿ. ಮುಂದಿನ ಸಲ ಅದೇ ಕ್ಯಾಮೆರಾ ಕೈಗೆ ಬಂದಾಗ ತೂಗುವ ಕೆಲಸ ಹತ್ತು ನಿಮಿಷದ್ದು.